ಬಿಸಿನೀರು, ತಣ್ಣೀರು: ಸ್ಮುರ್ನದಿಂದ ಕೊಲೊಸ್ಸೆಯವರೆಗೆ

ಬೈಬಲಿನ ಪ್ರಕಟನೆ ಪುಸ್ತಕದ 2 ಮತ್ತು 3ನೇ ಅಧ್ಯಾಯಗಳಲ್ಲಿ ಏಳು ಕ್ರೈಸ್ತ ಸಭೆಗಳಿಗೆ ಕ್ರಿಸ್ತನ ಮಾತಾಗಿ ಬರೆದ ಏಳು ಪತ್ರಗಳಿವೆ. ಆ ಏಳೂ ಊರುಗಳು ಇವತ್ತಿನ ಟರ್ಕಿ ದೇಶದ ಪಶ್ಚಿಮ ಭಾಗದಲ್ಲಿವೆ. ಎಲ್ಲವನ್ನೂ ನೋಡುವಷ್ಟು ರಜೆ ಇರಲಿಲ್ಲ. ಪೆರ್ಗಮ, ಥುವತೈರ ಎರಡನ್ನು ಬಿಟ್ಟೆವು. ಪತ್ರಗಳ ಪಟ್ಟಿಯಲ್ಲಿ ಇಲ್ಲದ ಕೊಲೊಸ್ಸೆಯನ್ನು ಸೇರಿಸಿಕೊಂಡೆವು. ಹೋದವರು ನಾನು, ಅಕ್ಕ, ಭಾವ.

ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸಬೇಕು ಅನ್ನುವ ಮಾತು ನಮಗೆ ಹೊಸದಲ್ಲ. ಪ್ರಸಂಗದಲ್ಲಿ ಕೇಳುತ್ತೇವೆ, ಹಾಡಿನಲ್ಲಿ ಹಾಡುತ್ತೇವೆ. ಆದರೆ ಸೋಮವಾರ ಬೆಳಿಗ್ಗೆ ಅದು ಹೇಗಿರುತ್ತದೆ? ಈ ಪ್ರಶ್ನೆ ನನ್ನಲ್ಲಿ ತುಂಬ ದಿನದಿಂದ ಇತ್ತು. ಭಾವನ ಉತ್ತರ ಯಾವಾಗಲೂ ಒಂದೇ. "ಬೆಂಕಿ ಹಾಗೆ ಉರೀಬೇಕು ಕಣೋ. ಉರಿ ಇಲ್ಲದ ಭಕ್ತಿ ಭಕ್ತಿನೇ ಅಲ್ಲ." ಅವರು ಹಾಗೇ ಬದುಕಿದವರು ಕೂಡ. ಉಪವಾಸ ಪ್ರಾರ್ಥನೆ ಅಂದರೆ ಮೊದಲು ಹೋಗಿ ಕೂರುವವರು. ಅಕ್ಕ ಮಾತ್ರ ಆ ಉತ್ತರಕ್ಕೆ ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದೂ ಇಲ್ಲ.

ಮೊದಲ ದಿನ: ಸ್ಮುರ್ನ

ಸ್ಮುರ್ನ ಈಗ ಇಜ್ಮಿರ್. ದೊಡ್ಡ ಬಂದರು ನಗರ. ಹಳೆಯ ಊರಿನ ಅಗೋರಾ, ಅಂದರೆ ಪೇಟೆಚೌಕ, ಇವತ್ತಿನ ಮನೆಗಳ ನಡುವೆಯೇ ಇದೆ. ಅದರ ನೆಲಮಾಳಿಗೆಗೆ ಇಳಿದರೆ ಕಲ್ಲಿನ ಕಮಾನುಗಳ ಸಾಲು. ಅಲ್ಲಿ ಈಗಲೂ ಸಣ್ಣಗೆ ನೀರು ಹರಿಯುತ್ತದೆ. ಜೂನ್ ತಿಂಗಳ ಬಿಸಿಲಿನಿಂದ ಒಳಗೆ ಬಂದವರಿಗೆ ಆ ನೆರಳು ಬಿಟ್ಟು ಏಳಲು ಮನಸ್ಸೇ ಬರುವುದಿಲ್ಲ.

ನಗರದ ಮಧ್ಯದಲ್ಲಿ ಸಂತ ಪಾಲಿಕಾರ್ಪನ ಹೆಸರಿನ ಚರ್ಚ್ ಇದೆ. ಇದು ಎಲ್ಲ ಹೊತ್ತಿನಲ್ಲೂ ತೆರೆದಿರುವುದಿಲ್ಲ. ಸಮಯ ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಒಳಗಿನ ಚಿತ್ರಗಳಲ್ಲಿ ಆ ಮುದುಕನ ಕಥೆಯೇ ಇದೆ.

ಪಾಲಿಕಾರ್ಪ್ ಇಲ್ಲಿನ ಬಿಷಪ್. ಸುಮಾರು ಕ್ರಿ.ಶ. 155ರಲ್ಲಿ ಅವನನ್ನು ಕೊಂದರು. ಏನಾಯಿತು ಅನ್ನುವುದನ್ನು ಸ್ಮುರ್ನದ ಸಭೆಯೇ ಇನ್ನೊಂದು ಸಭೆಗೆ ಪತ್ರ ಬರೆದು ತಿಳಿಸಿತು. ಆ ಪತ್ರ ಉಳಿದು ಬಂದಿದೆ. "ಕ್ರಿಸ್ತನನ್ನು ದೂಷಿಸು, ಬಿಟ್ಟುಬಿಡುತ್ತೇನೆ" ಅಂತ ರೋಮನ್ ಅಧಿಕಾರಿ ಹೇಳಿದ. 86 ವರ್ಷ ಆತನ ಸೇವೆ ಮಾಡಿದ್ದೇನೆ, ಆತ ನನಗೆ ಯಾವ ಕೇಡೂ ಮಾಡಲಿಲ್ಲ, ನನ್ನನ್ನು ರಕ್ಷಿಸಿದ ಅರಸನನ್ನು ಹೇಗೆ ದೂಷಿಸಲಿ ಅಂತ ಪಾಲಿಕಾರ್ಪ್ ಕೇಳಿದ. ಇಷ್ಟು ಎಲ್ಲರಿಗೂ ಗೊತ್ತು.

ಅದೇ ಪತ್ರದಲ್ಲಿ ಇನ್ನೊಬ್ಬನಿದ್ದಾನೆ. ಅವನ ಹೆಸರು ಕ್ವಿಂಟಸ್. ಯಾರೂ ಹಿಡಿಯಲು ಬರುವ ಮೊದಲೇ ತಾನಾಗಿ ಮುಂದೆ ಹೋಗಿ ನಿಂತವನು. ಬೇರೆಯವರನ್ನೂ ಹುರಿದುಂಬಿಸಿ ಕರೆದುಕೊಂಡು ಹೋದವನು. ಅಖಾಡದಲ್ಲಿ ಕಾಡುಪ್ರಾಣಿಗಳನ್ನು ಕಂಡದ್ದೇ ತಡ, ಹೆದರಿ ಹೋದ. ಅಧಿಕಾರಿ ಹೇಳಿದ ಹಾಗೆ ಆಣೆ ಇಟ್ಟು ಬಲಿ ಅರ್ಪಿಸಿದ. ತಾವಾಗಿ ಹೋಗಿ ಸಿಕ್ಕಿಬೀಳುವವರನ್ನು ನಾವು ಹೊಗಳುವುದಿಲ್ಲ ಅಂತ ಸಭೆಯವರು ಸ್ಪಷ್ಟವಾಗಿ ಬರೆದಿದ್ದಾರೆ.

ಪಾಲಿಕಾರ್ಪ್ ಹಾಗೆ ಮಾಡಲಿಲ್ಲ. ಸ್ನೇಹಿತರ ಮಾತು ಕೇಳಿ ಊರ ಹೊರಗಿನ ತೋಟದ ಮನೆಗೆ ಹೋದ. ಹುಡುಕುತ್ತಾ ಬಂದಾಗ ಇನ್ನೊಂದು ಮನೆಗೆ ಹೋದ. ಕೊನೆಗೆ ಸಿಕ್ಕಿದಾಗ, ಹಿಡಿಯಲು ಬಂದವರಿಗೆ ಊಟ ಹಾಕಿಸಿದ. ಪ್ರಾರ್ಥನೆಗೆ ಒಂದು ಗಂಟೆ ಕೇಳಿಕೊಂಡ, ಎರಡು ಗಂಟೆ ನಿಂತು ಪ್ರಾರ್ಥಿಸಿದ.

ಸಂಜೆ ಕದಿಫೆಕಲೆ ಗುಡ್ಡ ಹತ್ತಿದೆವು. ಕೆಳಗೆ ಇಡೀ ಕೊಲ್ಲಿ, ಹಡಗುಗಳು, ಮೇಲೆ ಜೋರು ಗಾಳಿ. ಕೋಟೆ ಗೋಡೆಯ ಹತ್ತಿರ ಒಬ್ಬ ಹೆಂಗಸು ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗೆ ಸೊಪ್ಪು, ಚೀಸ್ ಇಟ್ಟು ಹೆಂಚಿನ ಮೇಲೆ ಬೇಯಿಸುತ್ತಿದ್ದಳು. ಗೊಜ್ಲೆಮೆ ಅನ್ನುತ್ತಾರೆ. ಭಾವ ಎರಡು ತಿಂದರು. ಆಮೇಲೆ ತುಂಬ ಹೊತ್ತು ಮಾತಿಲ್ಲ. "ಕ್ವಿಂಟಸ್‌ಗೂ ಉರಿ ಇತ್ತಲ್ವಾ" ಅಂದರು ಕೊನೆಗೆ. "ಇತ್ತು" ಅಂದಳು ಅಕ್ಕ.

ಮರುದಿನ: ಎಫೆಸ

ರೈಲಿನಲ್ಲಿ ಸೆಲ್ಚುಕ್ ಸೇರಿದೆವು. ಸ್ಟೇಷನ್ನಿಗೆ ಹತ್ತಿರದಲ್ಲೇ ಹಳೆಯ ಕಲ್ಲಿನ ನೀರುಕಾಲುವೆಯ ಕಂಬಗಳು. ಒಂದೊಂದರ ತಲೆಯ ಮೇಲೂ ಕೊಕ್ಕರೆ ಗೂಡು. ಮರಿಗಳಿಗೆ ತಿನಿಸಲು ತಾಯಿ ಬಂದಾಗ ಕೊಕ್ಕು ಬಡಿಯುವ ಸದ್ದು ರಸ್ತೆಗೆಲ್ಲ ಕೇಳುತ್ತದೆ.

ಎಫೆಸಕ್ಕೆ ಎರಡು ಗೇಟುಗಳಿವೆ. ಮೇಲಿನ ಗೇಟಿನಿಂದ ಒಳಗೆ ಹೋದರೆ ಇಳಿಜಾರಿನಲ್ಲೇ ನಡೆಯಬಹುದು. ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಹತ್ತು ಗಂಟೆಯ ಮೇಲೆ ಅಮೃತಶಿಲೆಯ ರಸ್ತೆ ಬಿಸಿಲನ್ನು ಮುಖಕ್ಕೇ ಎಸೆಯುತ್ತದೆ. ಕಲ್ಲು ಸವೆದು ನುಣ್ಣಗಾಗಿದೆ, ಜಾರುತ್ತದೆ. ಅಕ್ಕನ ಚಪ್ಪಲಿಯ ಪಟ್ಟಿ ಕಿತ್ತುಹೋಗಿ, ಭಾವನ ಕರವಸ್ತ್ರ ಕಟ್ಟಿಕೊಂಡು ಉಳಿದ ದಾರಿ ನಡೆದಳು. ಗಟ್ಟಿ ಶೂ ಹಾಕಿಕೊಂಡು ಹೋದವರು ಬುದ್ಧಿವಂತರು.

ಸುಮಾರು 25,000 ಜನ ಕೂರುವ ರಂಗಮಂದಿರದಲ್ಲಿ ಕೂತು ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 19ನೇ ಅಧ್ಯಾಯ ಓದಿದೆವು. ಜನ ಎರಡು ಗಂಟೆ ಕಾಲ ಅರ್ತೆಮೀ ದೇವಿಯ ಹೆಸರು ಕೂಗಿದ್ದು ಇಲ್ಲೇ. ಅದೇ ಅಧ್ಯಾಯದಲ್ಲಿ ಇನ್ನೊಂದು ಸಂಗತಿ ಇದೆ. ಹೊಸದಾಗಿ ನಂಬಿದವರು ತಮ್ಮ ಮಾಟಮಂತ್ರದ ಪುಸ್ತಕಗಳನ್ನು ತಂದು ಎಲ್ಲರ ಎದುರಿಗೆ ಸುಟ್ಟರು. ಬೆಲೆ ಲೆಕ್ಕ ಹಾಕಿದರೆ 50,000 ಬೆಳ್ಳಿ ನಾಣ್ಯ. ಮಾರಿ ದುಡ್ಡು ಮಾಡಿಕೊಳ್ಳಬಹುದಿತ್ತು. ಒಂದೆರಡನ್ನು ಇರಲಿ ಅಂತ ಇಟ್ಟುಕೊಳ್ಳಬಹುದಿತ್ತು. ಅವರು ಹಿಂದೆ ತಿರುಗುವ ದಾರಿಯನ್ನೇ ಸುಟ್ಟರು. ಎಫೆಸದ ಸಭೆ ಹುಟ್ಟಿದ್ದು ಹೀಗೆ.

ಕೆಲವು ದಶಕಗಳ ನಂತರ ಅದೇ ಸಭೆಗೆ ಪ್ರಕಟನೆಯ ಪತ್ರ ಬಂತು. ಮೊದಲೆಲ್ಲ ಮೆಚ್ಚುಗೆ. ನಿನ್ನ ದುಡಿಮೆ ಗೊತ್ತು, ತಾಳ್ಮೆ ಗೊತ್ತು, ಸುಳ್ಳು ಅಪೊಸ್ತಲರನ್ನು ಪರೀಕ್ಷಿಸಿ ಹಿಡಿದದ್ದು ಗೊತ್ತು. ಆಮೇಲೆ ಒಂದೇ ಆಪಾದನೆ: ಮೊದಲಿದ್ದ ಪ್ರೀತಿಯನ್ನು ಬಿಟ್ಟುಬಿಟ್ಟಿದ್ದೀ. ನನಗೆ ಇದು ಏಳು ಪತ್ರಗಳಲ್ಲೇ ಹೆಚ್ಚು ಭಯ ಹುಟ್ಟಿಸುವ ಮಾತು. ಕೆಲಸ ನಿಂತಿಲ್ಲ, ಬೋಧನೆ ಕೆಟ್ಟಿಲ್ಲ, ಕಮಿಟಿ ನಡೆಯುತ್ತಿದೆ, ಹೊರಗಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ಒಳಗೆ ಹೃದಯ ಬೇರೆ ಕಡೆ ಹೋಗಿದೆ.

ಪರಿಹಾರ ಏನು ಅಂತ ಹೇಳಿರುವುದನ್ನೂ ನಿಧಾನವಾಗಿ ಓದಬೇಕು. ಎಲ್ಲಿಂದ ಬಿದ್ದೆ ಅಂತ ನೆನಪಿಸಿಕೋ, ತಿರುಗಿಕೋ, ಮೊದಲು ಮಾಡುತ್ತಿದ್ದ ಕೆಲಸಗಳನ್ನು ಮಾಡು. ಮೊದಲಿನ ಹಾಗೆ ಅನಿಸಲಿ ಅಂತ ಕಾಯುತ್ತಾ ಕೂರು ಅಂದಿಲ್ಲ. ಮಾಡು ಅಂದಿದೆ. ಪ್ರೀತಿ ಒಣಗಿದೆ ಅಂತ ಬೇಸರಪಟ್ಟು ಪ್ರಾರ್ಥನೆಯನ್ನೇ ನಿಲ್ಲಿಸಿದ ಎಷ್ಟೋ ಜನರನ್ನು ನೋಡಿದ್ದೇನೆ. ಅವರಿಗೆಲ್ಲ ಈ ವಾಕ್ಯ ಓದಿ ಹೇಳಬೇಕು ಅನ್ನಿಸಿತು.

ರಂಗಮಂದಿರದ ಎದುರು ಒಂದು ನೇರ ರಸ್ತೆ ಬಂದರಿನ ಕಡೆಗೆ ಹೋಗುತ್ತದೆ. ಆದರೆ ಅಲ್ಲಿ ಸಮುದ್ರವಿಲ್ಲ. ನದಿ ತಂದ ಹೂಳು ತುಂಬಿ ತುಂಬಿ ಕಡಲು ಕೆಲವು ಕಿಲೋಮೀಟರ್ ದೂರ ಹೋಗಿದೆ. ಒಂದೇ ದಿನದಲ್ಲಿ ಆದದ್ದಲ್ಲ. ಅಲ್ಲಿದ್ದ ಕಾವಲುಗಾರ ಕೈ ತೋರಿಸಿ ಸಮುದ್ರದ ದಿಕ್ಕು ಹೇಳಿದ. ಎಷ್ಟು ಇಣುಕಿದರೂ ಹಸಿರು ಪೊದೆ ಬಿಟ್ಟು ಏನೂ ಕಾಣಲಿಲ್ಲ.

ಒಳನಾಡಿಗೆ: ಸಾರ್ದಿಸ್, ಫಿಲದೆಲ್ಫಿಯ

ಇಲ್ಲಿಂದ ಮುಂದೆ ಬಾಡಿಗೆ ಕಾರು. ಡ್ರೈವರ್ ಐವತ್ತು ದಾಟಿದ ಮನುಷ್ಯ, ಕಡಿಮೆ ಮಾತು, ಅಲ್ಪಸ್ವಲ್ಪ ಇಂಗ್ಲಿಷ್. ಅರ್ಧ ದಾರಿಗೆ ಒಂದು ಟೀ ಕುಡಿಯದೆ ಮುಂದೆ ಹೋಗುವುದೇ ಇಲ್ಲ. ರಸ್ತೆಯ ಎರಡೂ ಬದಿ ದ್ರಾಕ್ಷಿ ತೋಟ, ನಡುನಡುವೆ ಆಲಿವ್ ಮರ, ಎಡೆಬಿಡದೆ ಟ್ರ್ಯಾಕ್ಟರ್.

ಸಾರ್ದಿಸ್‌ನಲ್ಲಿ ಹೆದ್ದಾರಿಯ ಪಕ್ಕದಲ್ಲೇ ಹಳೆಯ ವ್ಯಾಯಾಮಶಾಲೆ, ಯೆಹೂದ್ಯರ ದೊಡ್ಡ ಸಭಾಮಂದಿರ ಸಿಗುತ್ತವೆ. ಹೆಚ್ಚಿನವರು ಅದನ್ನು ನೋಡಿ ಹೊರಟುಬಿಡುತ್ತಾರೆ. ಅರ್ತೆಮೀ ಗುಡಿ ಒಳದಾರಿಯಲ್ಲಿದೆ, ಅದನ್ನು ತಪ್ಪಿಸಬೇಡಿ. ಹಿಂದೆ ಬೆಟ್ಟ, ಮುಂದೆ ಬಯಲು, ಮಧ್ಯೆ ಎರಡು ಕಂಬಗಳು ಪೂರ್ತಿ ಎತ್ತರಕ್ಕೆ ನಿಂತಿವೆ. ಹತ್ತಿರ ಹೋಗಿ ನೋಡಿದರೆ ಕಂಬದ ಮೈ ಬೋಳು. ಗ್ರೀಕ್ ಕಂಬಗಳಲ್ಲಿ ಉದ್ದಕ್ಕೆ ಗೆರೆ ಕೊರೆದಿರುತ್ತಾರಲ್ಲ, ಅದು ಇಲ್ಲಿಲ್ಲ. ಶತಮಾನಗಳ ಕಾಲ ಕಟ್ಟಿದರೂ ಈ ಗುಡಿಯನ್ನು ಮುಗಿಸಲೇ ಇಲ್ಲ.

ಸಾರ್ದಿಸ್ ಸಭೆಗೆ ಬರೆದ ಪತ್ರದಲ್ಲಿ, ನಿನ್ನ ಕೆಲಸಗಳು ನನ್ನ ದೇವರ ಮುಂದೆ ಪೂರ್ಣವಾಗಿ ಕಾಣಲಿಲ್ಲ ಅಂತ ಇದೆ. ಜೀವಿಸುತ್ತೀ ಅನ್ನುವ ಹೆಸರಿದೆ, ಆದರೆ ಸತ್ತಿದ್ದೀ. ಎಚ್ಚರವಾಗು, ಇಲ್ಲದಿದ್ದರೆ ಕಳ್ಳನ ಹಾಗೆ ಬರುವೆನು. ಈ ಊರಿನವರಿಗೆ ಆ ಮಾತು ಚುಚ್ಚಿರಲೇಬೇಕು. ಬೆಟ್ಟದ ಮೇಲಿನ ಕೋಟೆ ಹತ್ತಲು ಆಗದಷ್ಟು ಕಡಿದು. ಆದರೂ ಎರಡು ಸಲ ಶತ್ರುಗಳ ಕೈಗೆ ಬಿತ್ತು. ಮೊದಲ ಸಲ ಪರ್ಶಿಯದ ಅರಸ ಕೋರೆಷನ (ಸೈರಸ್) ಕಾಲದಲ್ಲಿ. ಮೇಲಿನಿಂದ ಬಿದ್ದ ಶಿರಸ್ತ್ರಾಣ ತರಲು ಒಬ್ಬ ಸೈನಿಕ ಬಂಡೆ ಇಳಿದು ಹತ್ತಿದ. ಕೆಳಗಿದ್ದವರು ಆ ದಾರಿ ನೋಡಿಕೊಂಡರು. ಎರಡನೇ ಸಲ ಕ್ರಿ.ಪೂ. 3ನೇ ಶತಮಾನದಲ್ಲಿ. ಗೋಡೆಯ ಒಂದು ಕಡೆ ರಣಹದ್ದುಗಳು ಹಾಯಾಗಿ ಕೂರುತ್ತಿದ್ದವು. ಅಲ್ಲಿ ಕಾವಲಿಲ್ಲ ಅಂತ ಹೊರಗಿನವರಿಗೆ ತಿಳಿಯಿತು. ಎರಡೂ ಸಲ ಸೋತದ್ದು, ಇಲ್ಲಿಂದ ಯಾರು ಬರ್ತಾರೆ ಅಂತ ಬಿಟ್ಟ ಜಾಗದಲ್ಲೇ.

ಭಾವ ಆ ಬೋಳು ಕಂಬಕ್ಕೆ ಕೈ ಇಟ್ಟು ನಿಂತಿದ್ದರು. "ನಾನು ಶುರು ಮಾಡಿದ್ದು ಎಷ್ಟೋ ಇದೆ" ಅಂದರು. ನಾನು ಏನೂ ಹೇಳಲಿಲ್ಲ.

ಮಧ್ಯಾಹ್ನ ಅಲಾಶೆಹಿರ್. ಇದೇ ಫಿಲದೆಲ್ಫಿಯ. ನೋಡಲು ಏನಿದೆ ಅಂತ ಕೇಳಿದರೆ, ಜಾಸ್ತಿ ಏನಿಲ್ಲ. ಮನೆಗಳ ನಡುವಿನ ಒಂದು ಆವರಣದಲ್ಲಿ ಹಳೆಯ ಚರ್ಚಿನ ಇಟ್ಟಿಗೆಯ ದಪ್ಪ ಕಂಬಗಳು. ಎದುರು ಮನೆಯ ಅಜ್ಜಿಯೊಬ್ಬರು ಗೇಟಿನ ಹತ್ತಿರ ಬಂದು, ನಾವು ಯಾರು, ಎಲ್ಲಿಂದ ಬಂದೆವು ಅಂತ ಡ್ರೈವರನ್ನು ಕೇಳಿದರು. ಅಷ್ಟು ದೂರದಿಂದ ಈ ಕಂಬ ನೋಡೋಕೆ ಬಂದ್ರಾ ಅಂತ ಅವರಿಗೆ ಆಶ್ಚರ್ಯ. ಒಂದು ತಟ್ಟೆ ಒಣದ್ರಾಕ್ಷಿ ತಂದು ಅಕ್ಕನ ಕೈಗೆ ಕೊಟ್ಟರು.

ಕ್ರಿ.ಶ. 17ರ ಭೂಕಂಪದಲ್ಲಿ ಈ ಊರು ನೆಲಸಮವಾಯಿತು. ಇಲ್ಲಿನ ಗೋಡೆಗಳು ಬಿರುಕು ಬಿಡುತ್ತಲೇ ಇರುತ್ತವೆ, ಹೆಚ್ಚಿನವರು ಊರ ಹೊರಗೆ ಹೊಲದಲ್ಲೇ ಬದುಕುತ್ತಾರೆ ಅಂತ ಆ ಕಾಲದ ಗ್ರೀಕ್ ಭೂಗೋಳ ಲೇಖಕ ಸ್ಟ್ರಾಬೊ ಬರೆದಿದ್ದಾನೆ. ಭೂಮಿ ಅಲುಗಿದಾಗಲೆಲ್ಲ ಹೊರಗೆ ಓಡುವ ಜನಕ್ಕೆ ಬಂದ ವಾಗ್ದಾನ ನೋಡಿ: ಗೆದ್ದವನನ್ನು ನನ್ನ ದೇವರ ಆಲಯದಲ್ಲಿ ಕಂಬವಾಗಿ ನಿಲ್ಲಿಸುವೆನು, ಅವನು ಇನ್ನೆಂದಿಗೂ ಹೊರಗೆ ಹೋಗುವುದಿಲ್ಲ. ಈ ಸಭೆಯ ಮೇಲೆ ಒಂದು ಆಪಾದನೆಯೂ ಇಲ್ಲ. ನಿನಗಿರುವ ಶಕ್ತಿ ಸ್ವಲ್ಪವೇ, ಆದರೂ ನನ್ನ ವಾಕ್ಯವನ್ನು ಕಾಪಾಡಿಕೊಂಡಿದ್ದೀ ಅನ್ನುತ್ತದೆ ಪತ್ರ. ಶಕ್ತಿ ಕಡಿಮೆ ಇರುವುದು ಕೊರತೆ ಅಂತ ಎಣಿಸಿಲ್ಲ. ಸ್ವಲ್ಪ ಶಕ್ತಿ ಇರುವವರು ಅದನ್ನೆಲ್ಲ ಕೊಟ್ಟರೆ ಅದು ಪೂರ್ಣವೇ. ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದೇನೆ, ನಾನು ದೇವರಿಗೆ ಏನು ಮಾಡಲಿ ಅಂತ ಅಳುವವರು ಇಲ್ಲಿ ಬಂದು ಈ ಪತ್ರ ಓದಬೇಕು.

ಲವೊದಿಕೀಯ, ಹಿಯರಾಪೊಲಿ

ರಾತ್ರಿ ಪಮುಕ್ಕಲೆಯಲ್ಲಿ ಉಳಿದೆವು. ಬೆಳಿಗ್ಗೆ ಮೊದಲು ಅಲ್ಲೇ ಇರುವ ಹಿಯರಾಪೊಲಿ. ಬೆಟ್ಟದ ಮೈಯೆಲ್ಲ ಬೆಳ್ಳಗೆ, ಸುಣ್ಣದ ನೀರು ಹರಿದು ಗಟ್ಟಿಯಾದ ಮೆಟ್ಟಿಲುಗಳು. ಬರಿಗಾಲಲ್ಲೇ ಹತ್ತಬೇಕು, ಚಪ್ಪಲಿ ಹಾಕಿದವರನ್ನು ಕಂಡರೆ ಕಾವಲುಗಾರರು ಸೀಟಿ ಊದುತ್ತಾರೆ. ಶೂ ಹಾಕಿಕೊಳ್ಳಲು ಒಂದು ಚೀಲ ಇಟ್ಟುಕೊಳ್ಳಿ. ಭಾವನ ಒಂದು ಶೂ ಕೈಜಾರಿ ಕೊಳಕ್ಕೆ ಬಿದ್ದು, ದಿನವಿಡೀ ಪಚಪಚ ಅನ್ನುತ್ತಿತ್ತು. ಸ್ವಲ್ಪ ದೂರದ ಕರಹಾಯಿತ್ ಊರಿನಲ್ಲಿ ನೀರು ಇನ್ನೂ ಬಿಸಿ. ಮಂಡಿನೋವಿನ ಹಿರಿಯರು ಕಾಲು ಇಳಿಬಿಟ್ಟು ಕೂತಿದ್ದರು. ರೋಮನ್ನರ ಕಾಲದಲ್ಲೂ ಜನ ಈ ಬಿಸಿನೀರಿಗೆ ಅಂತಲೇ ಇಲ್ಲಿಗೆ ಬರುತ್ತಿದ್ದರು.

ಲವೊದಿಕೀಯ ಇಲ್ಲಿಂದ ಸುಮಾರು 10 ಕಿಲೋಮೀಟರ್. ಮರವಿಲ್ಲದ ಬೋಳು ದಿಬ್ಬ, ಬಿಸಿಲು, ಟೋಪಿ ಹಾರಿಸುವ ಗಾಳಿ. ನೀರು, ಟೋಪಿ ಎರಡೂ ಇಲ್ಲದೆ ಹೋಗಬೇಡಿ. 2003ರಿಂದ ಪಮುಕ್ಕಲೆ ವಿಶ್ವವಿದ್ಯಾಲಯದವರು ಇಲ್ಲಿ ಅಗೆಯುತ್ತಿದ್ದಾರೆ. 4ನೇ ಶತಮಾನದ ಒಂದು ದೊಡ್ಡ ಚರ್ಚ್ 2010ರಲ್ಲಿ ಸಿಕ್ಕಿತು. ಮೇಲೆ ಮಾಡು ಹಾಕಿ, ಗಾಜಿನ ದಾರಿಯಲ್ಲಿ ನಡೆದು ನೋಡುವ ಹಾಗೆ ಮಾಡಿದ್ದಾರೆ.

ಇದು ಶ್ರೀಮಂತರ ಊರು. ಕಪ್ಪು ಉಣ್ಣೆಗೆ ಹೆಸರು. ಹಣದ ವ್ಯವಹಾರಕ್ಕೆ ಹೆಸರು. ಹತ್ತಿರದಲ್ಲೇ ವೈದ್ಯಶಾಲೆ. ಕ್ರಿ.ಶ. 60ರಲ್ಲಿ ಭೂಕಂಪ ಆದಾಗ ರೋಮ್‌ನಿಂದ ನೆರವಿಲ್ಲದೆ ಸ್ವಂತ ದುಡ್ಡಿನಲ್ಲೇ ಊರು ಕಟ್ಟಿಕೊಂಡರು ಅಂತ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ನಾನು ಐಶ್ವರ್ಯವಂತ, ನನಗೆ ಯಾವುದರ ಕೊರತೆಯೂ ಇಲ್ಲ ಅಂತ ಹೇಳಿಕೊಳ್ಳುತ್ತೀ ಅನ್ನುವ ಪ್ರಕಟನೆಯ ಮಾತು ಇಲ್ಲಿ ನಿಂತು ಓದಿದರೆ ಊರಿನ ದಾಖಲೆ ಓದಿದ ಹಾಗೇ ಇರುತ್ತದೆ.

ಒಂದೇ ಕೊರತೆ ಇತ್ತು. ನೀರು. ದಕ್ಷಿಣದ ಬುಗ್ಗೆಗಳಿಂದ ಕೊಳವೆಯಲ್ಲಿ ತರಬೇಕಿತ್ತು. ಆ ಕೊಳವೆಗಳು ಈಗಲೂ ಬಿದ್ದಿವೆ. ಬಗ್ಗಿ ಒಳಗೆ ನೋಡಿದೆ. ಸುಣ್ಣ ಪದರಪದರವಾಗಿ ಕಟ್ಟಿಕೊಂಡು, ನೀರು ಹೋಗುವ ತೂತು ಕಿರಿದಾಗಿದೆ.

ಕೊಳವೆಯ ಪಕ್ಕದ ಗೋಡೆಯ ನೆರಳಲ್ಲಿ ಕೂತು ಆ ಪತ್ರ ಓದಿದೆವು. ನೀನು ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಬಿಸಿಯಾಗಲಿ ತಣ್ಣಗಾಗಲಿ ಇದ್ದಿದ್ದರೆ ಚೆನ್ನಾಗಿತ್ತು. ಉಗುರುಬೆಚ್ಚಗಿರುವುದರಿಂದ ನಿನ್ನನ್ನು ಬಾಯಿಂದ ಕಾರಿಬಿಡುವೆನು. ಇದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಬಿಸಿ ಅಂದರೆ ಉತ್ಸಾಹದ ವಿಶ್ವಾಸಿ, ತಣ್ಣಗೆ ಅಂದರೆ ನಂಬದವನು, ಬೆಚ್ಚಗೆ ಅಂದರೆ ನಡುವಿನವನು. ಆದರೆ ಕರ್ತನು ಯಾರನ್ನಾದರೂ ನೀನು ನಂಬದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನುತ್ತಾನಾ? ಆ ಗಂಟು ನನಗೆ ಬಿಡಿಸಿಕೊಂಡೇ ಇರಲಿಲ್ಲ.

ಆ ದಿಬ್ಬದ ಮೇಲಿಂದ ಉತ್ತರಕ್ಕೆ ನೋಡಿದರೆ ಪಮುಕ್ಕಲೆಯ ಬಿಳಿ ಬೆಟ್ಟ ಕಾಣುತ್ತದೆ. ಬಿಸಿನೀರಿನ ಊರು. ಆಗ್ನೇಯಕ್ಕೆ ತಿರುಗಿದರೆ ಹೊನಾಜ್ ಬೆಟ್ಟ. ಅದರ ಬುಡದಲ್ಲಿ ತಣ್ಣೀರಿನ ಕೊಲೊಸ್ಸೆ. ಬಿಸಿನೀರು ನೋವಿಗೆ ಆಗುತ್ತದೆ. ತಣ್ಣೀರು ದಣಿದವನಿಗೆ ಆಗುತ್ತದೆ. ಲವೊದಿಕೀಯದ ಕೊಳವೆ ನೀರು ಎರಡಕ್ಕೂ ಆಗುವುದಿಲ್ಲ. ಹಲವು ವಿದ್ವಾಂಸರು ಈ ಮಾತನ್ನು ಹೀಗೇ ಓದುತ್ತಾರೆ. ಅಲ್ಲಿ ನಿಂತು ನೋಡಿದ ಮೇಲೆ ನನಗೂ ಬೇರೆ ಹಾಗೆ ಓದಲು ಆಗುತ್ತಿಲ್ಲ. ಕೇಳುತ್ತಿರುವುದು ಎಷ್ಟು ಕಾವಿದೆ ಅಂತಲ್ಲ. ಯಾರಿಗೆ ಉಪಯೋಗಕ್ಕೆ ಬಂದೆ ಅಂತ. ನನಗೆ ನಾನೇ ಸಾಕು ಅನ್ನುವವನ ಹತ್ತಿರ ಯಾರಿಗೂ ಕುಡಿಯಲು ಏನೂ ಇರುವುದಿಲ್ಲ.

ಇದನ್ನು ಹೇಳಿದಾಗ ಭಾವ ಕೂಡಲೇ ಒಪ್ಪಲಿಲ್ಲ. "ಹಾಗಾದರೆ ಉರಿ ಬೇಡವಾ?"

"ಬೇಕು ರೀ" ಅಂದಳು ಅಕ್ಕ. "ನಿಮ್ಮ ಹಾಗೆ ಬಿಸಿ ಇರುವವರೂ ಬೇಕು. ಅಮ್ಮನ ಹಾಗೆ ಇರುವವರೂ ಬೇಕು. ಅಮ್ಮ ಸಭೆಯಲ್ಲಿ ಒಂದು ದಿನ ಎದ್ದು ಸಾಕ್ಷಿ ಹೇಳಲಿಲ್ಲ. ಸಾವಿನ ಮನೆಗೆ ಮೊದಲು ಹೋಗಿ ಕೂರುತ್ತಿದ್ದವಳು ಅವಳೇ ಅಲ್ವಾ?"

ಭಾವ ಅದಕ್ಕೆ ಹೌದು ಅಂದರು. ಅಮ್ಮನ ವಿಷಯದಲ್ಲಿ ಅವರೂ ಕಂಡದ್ದೇ ಅದು.

ಇಷ್ಟು ಕಟುವಾದ ಪತ್ರ ನಾನು ಯಾರನ್ನು ಪ್ರೀತಿಸುತ್ತೇನೋ ಅವರನ್ನೇ ಗದರಿಸುತ್ತೇನೆ ಅನ್ನುತ್ತದೆ. ಅದರ ಮುಂದಿನ ವಾಕ್ಯದಲ್ಲಿ, ಇಗೋ ಬಾಗಿಲಲ್ಲಿ ನಿಂತು ತಟ್ಟುತ್ತಾ ಇದ್ದೇನೆ ಅಂತ ಕರ್ತನು ಹೇಳುತ್ತಾನೆ. ಕಾರಿಬಿಡುವೆನು ಅಂದ ಸಭೆಯ ಬಾಗಿಲಿನಲ್ಲೇ ಊಟಕ್ಕೆ ಕಾದು ನಿಂತಿದ್ದಾನೆ.

ಕೊನೆಯ ದಿನ: ಕೊಲೊಸ್ಸೆ

ಕೊಲೊಸ್ಸೆಗೆ ಹೋಗುವ ಪ್ರವಾಸಿಗಳು ಕಡಿಮೆ. ಹೊನಾಜ್ ಊರಿನ ಹತ್ತಿರ, ತೋಟಗಳ ನಡುವಿನ ಸಣ್ಣ ರಸ್ತೆ. ಸ್ವಂತ ವಾಹನ ಇಲ್ಲದಿದ್ದರೆ ಕಷ್ಟ. ನಮ್ಮ ಕಾರಿನ ಟೈರು ಅಲ್ಲೇ ಪಂಕ್ಚರ್ ಆಯಿತು. ಡ್ರೈವರ್ ಜಾಕ್ ತೆಗೆಯುವಷ್ಟರಲ್ಲಿ ಪಕ್ಕದ ತೋಟದಿಂದ ಒಬ್ಬ ರೈತ ಬಂದು ಕೈಜೋಡಿಸಿದ. ಚೆರ್ರಿ ಕೊಯ್ಲಿನ ಸಮಯ. ಕೆಲಸ ಮುಗಿದ ಮೇಲೆ ಅವನೇ ಒಂದು ಬುಟ್ಟಿ ಹಣ್ಣು ತಂದು, ಹೊಳೆಯ ನೀರಿನಲ್ಲಿ ತೊಳೆದು ಕೊಟ್ಟ. ನೀರಿಗೆ ಕೈ ಇಟ್ಟರೆ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಎಷ್ಟೇ ಬಿಸಿಲಿದ್ದರೂ ಹೀಗೇ, ಬೆಟ್ಟದ ನೀರು ಅಂದ. ಭಾವ ಮುಖಕ್ಕೆ ಎರಚಿಕೊಂಡು, ಬೊಗಸೆಯಲ್ಲಿ ತುಂಬಿ ಕತ್ತಿಗೂ ಹಾಕಿಕೊಂಡರು.

ಊರು ಅಂತ ಇರುವುದು ಹುಲ್ಲು ಬೆಳೆದ ಒಂದು ದಿಬ್ಬ. ಮೇಲೆ ಹತ್ತಿದರೆ ಕಾಲಿಗೆ ಮಡಕೆ ಚೂರು ಸಿಗುತ್ತವೆ. ಎತ್ತಿಕೊಳ್ಳಬಾರದು, ಅಲ್ಲೇ ಬಿಡಬೇಕು. ಬೆಟ್ಟದ ಕಡೆಯಿಂದ ಮೋಡ ಕವಿದು ನಾಲ್ಕು ಹನಿ ಬಿತ್ತು. ಅಕ್ಕ ಛತ್ರಿಯ ಕೆಳಗೆ ಕೂತು ಅಪೊಸ್ತಲ ಪೌಲನು ಈ ಊರಿನ ಸಭೆಗೆ ಬರೆದ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ನಿಧಾನವಾಗಿ ಓದಿದರೂ ಬೇಗ ಮುಗಿಯುತ್ತದೆ.

ಏನು ಮಾಡಿದರೂ ಮನುಷ್ಯರಿಗೋಸ್ಕರ ಅಂತಲ್ಲ, ಕರ್ತನಿಗೋಸ್ಕರ ಅಂತ ಮನಃಪೂರ್ವಕವಾಗಿ ಮಾಡಿ ಅನ್ನುವ ವಾಕ್ಯ 3ನೇ ಅಧ್ಯಾಯದಲ್ಲಿದೆ. ಅದನ್ನು ಪೌಲ ಹೇಳಿದ್ದು ದಾಸರಿಗೆ. ಪಾತ್ರೆ ತೊಳೆಯುವವರಿಗೆ, ನೀರು ಹೊರುವವರಿಗೆ, ತಮ್ಮ ದಿನದ ಒಂದು ಗಂಟೆಯೂ ತಮ್ಮದಲ್ಲದವರಿಗೆ. ಯಜಮಾನ ನೋಡುತ್ತಿರುವಾಗ ಮಾತ್ರ ಮಾಡಬೇಡಿ ಅಂತ ಅದಕ್ಕೆ ಮೊದಲೇ ಹೇಳಿದ್ದಾನೆ. ಪೂರ್ಣ ಹೃದಯ ಅನ್ನುವುದಕ್ಕೆ ಬೇರೆ ಜಾಗ, ಬೇರೆ ಸಮಯ ಬೇಕಿಲ್ಲ ಅಂತ ಆಯಿತು. ನನ್ನ ಸೋಮವಾರದ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಕೊನೆಯ ಅಧ್ಯಾಯದಲ್ಲಿ ಹೆಸರುಗಳ ಸಾಲು. ಸಾಮಾನ್ಯವಾಗಿ ಹಾರಿಸಿ ಓದುವ ಭಾಗ. ಎಪಫ್ರ ಕೊಲೊಸ್ಸೆಯವನೇ. ಇಲ್ಲಿನವರಿಗೆ, ಲವೊದಿಕೀಯದವರಿಗೆ, ಹಿಯರಾಪೊಲಿಯವರಿಗೆ ತುಂಬ ಪ್ರಯಾಸಪಡುತ್ತಾನೆ ಅಂತ ಪೌಲ ಸಾಕ್ಷಿ ಕೊಡುತ್ತಾನೆ. ನಾವು ಕಾರಿನಲ್ಲಿ ಸುತ್ತಿದ ಮೂರೂ ಊರುಗಳು ಆ ಒಂದೇ ವಾಕ್ಯದಲ್ಲಿವೆ. ಆಮೇಲೆ ಲೂಕನೂ ದೇಮನೂ ವಂದನೆ ಹೇಳುತ್ತಾರೆ. ಇದೇ ದೇಮನು ಇಹಲೋಕವನ್ನು ಪ್ರೀತಿಸಿ ನನ್ನನ್ನು ಬಿಟ್ಟುಹೋದ ಅಂತ ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿದೆ. ಅದೇ ಪತ್ರದಲ್ಲಿ ಲೂಕನೊಬ್ಬನೇ ನನ್ನ ಜೊತೆಗಿದ್ದಾನೆ ಅಂತಲೂ ಇದೆ. ಇಲ್ಲಿ ಇಬ್ಬರ ಹೆಸರೂ ಒಂದೇ ಸಾಲಿನಲ್ಲಿವೆ. ವಂದನೆ ಓದಿಸಿ ಕೇಳಿದ ಕೊಲೊಸ್ಸೆಯವರಿಗೆ ಇಬ್ಬರಲ್ಲಿ ವ್ಯತ್ಯಾಸ ಗೊತ್ತಾಗಿರಲಾರದು.

ಕೊನೆಗೆ ಅರ್ಖಿಪ್ಪ. ಕರ್ತನಿಂದ ನೀನು ಹೊಂದಿದ ಸೇವೆಯನ್ನು ನೆರವೇರಿಸುವಂತೆ ನೋಡಿಕೋ ಅಂತ ಅವನಿಗೆ ಹೇಳಿರಿ. ಅಷ್ಟೇ. ಇಡೀ ಸಭೆಯ ಮುಂದೆ ಓದುವ ಪತ್ರದಲ್ಲಿ ಒಬ್ಬ ಮನುಷ್ಯನಿಗೆ ಒಂದು ಸಾಲು.

"ಯಾವ ಸೇವೆ ಅಂತ ಬರೆದೇ ಇಲ್ಲವಲ್ಲ" ಅಂದರು ಭಾವ.

"ಅವನಿಗೆ ಗೊತ್ತಿತ್ತು ಬಿಡಿ" ಅಂದಳು ಅಕ್ಕ.

ಮಳೆ ನಿಂತಿತ್ತು. ದಿಬ್ಬ ಇಳಿಯುವಾಗ ಭಾವ ಒಂದು ಮಾತು ಹೇಳಿದರು. ನಮ್ಮ ಸಭೆಯಲ್ಲಿ ಕಣ್ಣು ಮಂದವಾದ ಹಿರಿಯರೊಬ್ಬರಿಗೆ ವಾರಕ್ಕೊಮ್ಮೆ ಹೋಗಿ ಬೈಬಲ್ ಓದಿ ಹೇಳುತ್ತೇನೆ ಅಂತ ಅವರು ಮಾತು ಕೊಟ್ಟಿದ್ದರಂತೆ. ಕೂಟಗಳ ಓಡಾಟದಲ್ಲಿ ಅದು ನಿಂತುಹೋಗಿತ್ತು. ಕಾರಿನಲ್ಲಿ ಕೂತದ್ದೇ ಅವರಿಗೆ ಫೋನ್ ಮಾಡಿದರು. ಗುರುವಾರ ಸಂಜೆ ಬರುತ್ತೇನೆ, ಎಲ್ಲಿಗೆ ನಿಲ್ಲಿಸಿದ್ದೆವು ಅಂತ ಕೇಳಿದರು. ಆ ಕಡೆಯಿಂದ ಬಂದ ಉತ್ತರ ನಮಗೂ ಕೇಳಿಸಿತು. ಹಿರಿಯರು ಅಧ್ಯಾಯ, ವಾಕ್ಯ ಎರಡನ್ನೂ ನೆನಪಿಟ್ಟುಕೊಂಡಿದ್ದರು.